ಭಾವ ತಮಗೆ ತಾವೇ ಬರೆದ ಕ್ಷಮಾಪಣೆ

ಐರ್ಲೆಂಡ್ ಸರ್ಕಾರದ ಒಂದು ಇಡೀ ಕಚೇರಿಯಲ್ಲಿ ಐರಿಷ್ ಭಾಷೆಯ ಮಾನ ಕಾಪಾಡುತ್ತಿದ್ದವರು ಉಡುಪಿ ಕಡೆಯ ನಮ್ಮ ಭಾವ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಅವರ ಮ್ಯಾನೇಜರಿಗೇ ಕೊನೆಯವರೆಗೂ ನಂಬಿಕೆ ಬಂದಿರಲಿಲ್ಲ!

ನಾನು ಅಲ್ಲಿನ ಗಾಲ್ವೇ ಎಂಬ ಊರಿನಲ್ಲಿ ಬಾಡಿಗೆ ಮನೆ ಸಿಗದೆ ಅಕ್ಕ-ಭಾವನ ಮನೆಯಲ್ಲಿ ಠಿಕಾಣಿ ಹೂಡಿದ್ದವನು, ಲಾಕ್‌ಡೌನ್ ಬಂದು ಅಲ್ಲೇ ಸಿಕ್ಕಿಬಿದ್ದೆ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು.

ಭಾವ ಆ ಕಚೇರಿಯಲ್ಲಿ ಗುಮಾಸ್ತರು. ಐರಿಷ್‌ನಲ್ಲಿ ಫೋನ್ ಮಾಡಿದವರಿಗೆ ಐರಿಷ್‌ನಲ್ಲೇ ಉತ್ತರ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಾಗ ಮ್ಯಾನೇಜರು ಮೀಟಿಂಗ್ ಕರೆದು, ಯಾರು ನೋಡಿಕೊಳ್ಳುತ್ತೀರಿ ಎಂದರಂತೆ. ಶಾಲೆಯಲ್ಲಿ ವರ್ಷಗಟ್ಟಲೆ ಐರಿಷ್ ಓದಿದ ಅಷ್ಟೂ ಜನ ತಮ್ಮ ತಮ್ಮ ಚಹಾದ ಮಗ್ಗಿನೊಳಗೆ ಇಣುಕತೊಡಗಿದರು. ಸಂಜೆ ಕ್ಲಾಸಿಗೆ ಹೋಗಿ ಕಲಿತಿದ್ದ ಭಾವ ಕೈ ಎತ್ತಿಬಿಟ್ಟರು. ಎತ್ತಿದ ಕೈ ಇಳಿಸಲು ಆಮೇಲೆ ಯಾರೂ ಬಿಡಲಿಲ್ಲ!

ಕೊರೋನಾ ಬಂದದ್ದೇ ಆ ಫೋನ್ ಲೈನು ನಮ್ಮ ಅಡುಗೆಮನೆಗೆ ಬಂತು. ಉಳಿದ ಸುದ್ದಿಯೆಲ್ಲ ಸಾವಿನದೇ. ಪಕ್ಕದ ಮನೆಯ ಮುದುಕರ ಶವ ಕೊಂಡೊಯ್ಯುವ ಕಾರು ಹೊರಟಾಗ ನಾವು ಬಾಗಿಲಲ್ಲೇ ನಿಂತು ಕೈಮುಗಿದೆವು. ಒಳಗೆ ಬಂದರೆ ಭಾವ ಕುಕ್ಕರಿನ ಮುಂದೆ ನಿಂತು ಐರಿಷ್ ಅಭ್ಯಾಸ ಮಾಡುತ್ತಿದ್ದಾರೆ.

"ಕುಕ್ಕರಾದ್ರೂ ತಿರುಗಿ ಕೂಗ್ತದೆ," ಅಕ್ಕ ಗೊಣಗಿದಳು.

"ಡ್ಯಾಡ್, ಸ್ಕೂಲ್ ಈಸ್ ಕ್ಲೋಸ್ಡ್. ನೋ ಐರಿಷ್, ಪ್ಲೀಸ್!" ಎಂದಳು ಅಲ್ಲೇ ಹುಟ್ಟಿದ ಮಗಳು.

ಭಾವನಿಗೆ ಬೇರೆಯೇ ಚಿಂತೆ. ತಾನು ಕೊರೋನಾದಿಂದ ಮಲಗಿದರೆ ಆ ಫೋನ್ ಎತ್ತುವವರು ಯಾರು? ಮ್ಯಾನೇಜರನ್ನು ಕೇಳಿದರೆ "ಇಟ್ಸ್ ಗ್ರ್ಯಾಂಡ್" ಎಂದರು. ಆ ದೇಶದಲ್ಲಿ ಗ್ರ್ಯಾಂಡ್ ಎಂದರೆ ಮಾತು ಮುಗಿಯಿತು ಎಂದರ್ಥ. ಭಾವ ಬಿಡುವವರೇ? ಸಾಮಾನ್ಯ ಪ್ರಜೆಯಾಗಿ, ಸ್ವಂತ ಇಮೇಲಿನಿಂದ, ತಮ್ಮ ಕಚೇರಿಯ ಮೇಲೆಯೇ ಐರಿಷ್‌ನಲ್ಲಿ ದೂರು ಜಡಿದರು: ಇದಕ್ಕೆ ಹೊಣೆ ಯಾರು? ದೂರು ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಅಲೆದು, ಕೊನೆಗೆ ಅದನ್ನು ಓದಬಲ್ಲ ಏಕೈಕ ನೌಕರನ ಹತ್ತಿರ ಬಂದು ನಿಂತಿತು. ಆ ನೌಕರ ನಮ್ಮ ಭಾವ! ನಿಯಮದಂತೆ ತಮಗೆ ತಾವೇ ಕ್ಷಮೆ ಕೋರಿ ಉತ್ತರ ಬರೆದರು. ಓದಿದರು. ಸಮಾಧಾನವಾಗಲಿಲ್ಲ.

"ಇನ್ನೂ ಮೇಲಿನವರಿಗೆ ಬರೀರಿ," ಎಂದಳು ಅಕ್ಕ.

"ಬರೆದ್ರೆ ಅದೂ ನನ್ನ ಹತ್ರವೇ ಬರ್ತದೆ ಮಾರಾಯ್ತಿ!"

ಅಷ್ಟರಲ್ಲಿ, ಪುಣೆಯಲ್ಲಿ ಕಿರಿಯ ಮಗನ ಜೊತೆಗಿದ್ದ ಭಾವನ ತಾಯಿ ಆಸ್ಪತ್ರೆ ಸೇರಿದರು. ಅವರಿಗೆ ತುಳು ಬಿಟ್ಟರೆ ಬೇರೆ ಬಾರದು. ವಾರ್ಡಿನಲ್ಲಿ ತುಳು ಬಲ್ಲವರಿಲ್ಲ, ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ, ನಮಗೆ ವಿಮಾನವಿಲ್ಲ. ಒಂದು ಸಂಜೆ ನರ್ಸ್ ಫೋನ್ ಮಾಡಿ ಹಿಂದಿಯಲ್ಲಿ, ಅವರು ತೀರಿಕೊಂಡರು ಎಂದಳು. ಬೆಳಿಗ್ಗೆಯಿಂದ ಏನನ್ನೋ ಕೇಳುತ್ತಲೇ ಇದ್ದರು, ನಮಗೆ ಯಾರಿಗೂ ತಿಳಿಯಲಿಲ್ಲ ಎಂದು ಆಕೆಯೂ ಅತ್ತಳು. ಪಾಪ, ಆಕೆಯ ತಪ್ಪೇನು?

ಮರುದಿನ ಬೆಳಿಗ್ಗೆ ಭಾವ ಫೋನಿನ ಮುಂದೆ ಕುಳಿತಿದ್ದರು.

"ಇವತ್ತಾದ್ರೂ ರಜೆ ಹಾಕಿ ಭಾವ," ಎಂದೆ.

"ಹಾಕಿದ್ರೆ ಎತ್ತುದು ಯಾರು?"

ಫೋನ್ ಬಂತು. ಭಾವ ಸ್ಪೀಕರಿಗೆ ಹಾಕಿದರು. ಮನೆಮಾತೇ ಐರಿಷ್ ಆಗಿರುವ ಕಾನೆಮಾರಾ ಕಡೆಯ ಯಾವುದೋ ಅಜ್ಜಿ. ಪಿಂಚಣಿಯ ಏನೋ ಸಣ್ಣ ವಿಚಾರ, ಬೇಗ ಮುಗಿಯಿತು. ಆದರೆ ಭಾವ ಫೋನ್ ಇಡಲಿಲ್ಲ, ಏನೋ ಕೇಳಿದರು. ಅಜ್ಜಿ ಚುಟುಕಾಗಿ ಉತ್ತರ ಕೊಟ್ಟಳು. ಅದನ್ನೇ ಮತ್ತೆ ಕೇಳಿದರು.

"ಏನಂತೆ?" ನಾನು ಅಕ್ಕನ ಮಗಳನ್ನು ಮೆಲ್ಲಗೆ ಕೇಳಿದೆ.

ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. "ಬೇರೆ ಏನಾದ್ರೂ ಬೇಕಿತ್ತಾ ಅಂತ," ಎಂದಳು. "ಅಜ್ಜಿ ಏನೂ ಬೇಡ ಅಂತಿದಾಳೆ."

ಭಾವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರನೆಯ ಸಲ ಕೇಳಿದರು. ಈ ಸಲ ಅಜ್ಜಿ ಅವಸರವಿಲ್ಲದ ದನಿಯಲ್ಲಿ ತನ್ನ ಕೋಳಿಗಳ ಬಗ್ಗೆ ಹೇಳತೊಡಗಿದಳು. ಭಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಮಾತೂ ತಪ್ಪದ ಹಾಗೆ ಕೇಳಿದರು.