ಜಾಲರಿಯೊಳಗಿನ ಸಿಲಿಂಡರ್, ಯಲ್ಲವ್ವನವರ ಮರಳು

ನಮ್ಮ ವಿಶ್ವವಿದ್ಯಾಲಯದ ಸುರಕ್ಷತಾ ಅಧಿಕಾರಿಗಳಾದ ಶ್ರೀ ಶಿವಕಿರಣ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಬನಶಂಕರಿ ಆವರಣದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಹುಬ್ಬು, ರೆಪ್ಪೆಗಳ ಸಮೇತ ಕ್ಷೇಮವಾಗಿದ್ದೇನೆಂದು ತಿಳಿಸುತ್ತಾ, ತಮ್ಮ ಕ್ಷೇಮವನ್ನೂ ಕೋರುತ್ತೇನೆ.

ಕಳೆದ ಮಂಗಳವಾರ ಬೆಳಿಗ್ಗೆ ಎರಡನೇ ವರ್ಷದ ವಿದ್ಯಾರ್ಥಿನಿ ಧೃತಿಯ ಕೈಜಾರಿ ಅಸಿಟೋನ್ ಚೆಲ್ಲಿತು. ಪಕ್ಕದ ಬರ್ನರ್‌ನಿಂದ ಮೇಜಿಗೂ ಅವಳ ದುಪಟ್ಟಾಕ್ಕೂ ಬೆಂಕಿ ಹತ್ತಿತು. ಬೆಂಕಿ ಆರಿಸುವ ಸಿಲಿಂಡರ್ ಎರಡೇ ಹೆಜ್ಜೆ ದೂರದಲ್ಲಿ, ಕಳುವಾಗದಿರಲೆಂದು ತಾವು ಹಾಕಿಸಿದ ಕಬ್ಬಿಣದ ಜಾಲರಿಯ ಹಿಂದೆ, ಬೀಗದ ಭದ್ರತೆಯಲ್ಲಿ ಸುಖವಾಗಿತ್ತು. ಕೀಲಿ ತಮ್ಮ ಜೇಬಿನಲ್ಲಿ, ತಾವು ಜೆ.ಪಿ. ನಗರದ ಹೋಟೆಲೊಂದರಲ್ಲಿ, ಅಗ್ನಿ ಸುರಕ್ಷತೆಯ ಕಾರ್ಯಾಗಾರದಲ್ಲಿ. ಫೋನ್ ಮಾಡಿದರೆ, "ಮೇಡಂ, ವೇದಿಕೆ ಮೇಲಿದೀನಿ, ಬೆಂಕಿ ಬಗ್ಗೆನೇ ಮಾತಾಡ್ಬೇಕು, ಊಟ ಆದ್ಮೇಲೆ ನಾನೇ ಫೋನ್ ಮಾಡ್ತೀನಿ" ಎಂದು ಪಿಸುಗುಟ್ಟಿದಿರಿ. ಅಂಥ ಸ್ಥಿತಪ್ರಜ್ಞತೆ ನಮಗ್ಯಾರಿಗೂ ಇರಲಿಲ್ಲ.

ಕಾರಿಡಾರ್ ಒರೆಸುತ್ತಿದ್ದ ಯಲ್ಲವ್ವನವರು ಒಳಗೆ ನುಗ್ಗಿ, "ಹಿಂದ ಸರೀರಿ ಅಕ್ಕಾರ" ಎಂದು ನನ್ನನ್ನು ತಳ್ಳಿ, ದುಪಟ್ಟಾ ಕಿತ್ತೆಸೆದು, ಹೊರಗೆ ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮರಳನ್ನು ಮೂರು ಬಕೆಟ್ ತಂದು ಹಾಕಿ ಬೆಂಕಿ ನಂದಿಸಿದರು. ಧೃತಿಗೆ ಏನೂ ಆಗಲಿಲ್ಲ. ಯಲ್ಲವ್ವನವರ ಬಲ ಅಂಗೈಯಲ್ಲಿ ಬೊಬ್ಬೆಗಳೆದ್ದವು.

ಮರುದಿನ ತಮ್ಮ ನೋಟಿಸ್ ಬಂತು: ಅನುಮತಿಯಿಲ್ಲದೆ ಮರಳು ತಂದು ನೆಲ ಕೆಡಿಸಿದ ಇವರನ್ನು ಕೆಲಸದಿಂದ ಏಕೆ ತೆಗೆಯಬಾರದು? ತಮ್ಮ ನೆಲಪ್ರೇಮಕ್ಕೆ ನಮಸ್ಕಾರ. ಅದನ್ನು ಓದಿ ಹೇಳಿದಾಗ ಆಕೆ, "ಆಮ್ಯಾಲೆ ನೆಲಾನೂ ನಾನ ಒರಸೀನಲ್ರಿ" ಎಂದಷ್ಟೇ ಅಂದು, ಬ್ಯಾಂಡೇಜಿನ ಕೈ ಸೆರಗಿನಲ್ಲಿ ಮುಚ್ಚಿಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಹೀಗಾಗಿ ನೆಲ ಕೆಡಿಸಿದ್ದರಲ್ಲಿ ನಮ್ಮ ಪಾಲೂ ಇದೆ, ಅವರನ್ನು ತೆಗೆದರೆ ನಮ್ಮನ್ನೂ ತೆಗೆಯಿರಿ ಎಂದು ಪ್ರಯೋಗಾಲಯದ ಹದಿನಾಲ್ಕು ಮಂದಿ ಸಹಿ ಹಾಕಿ ಕುಲಪತಿಗಳಿಗೆ ಬರೆದುಕೊಟ್ಟೆವು. ಯಲ್ಲವ್ವನವರೂ ಸೇರಿ ಹದಿನೈದು ಜನರನ್ನು ಒಟ್ಟಿಗೆ ತೆಗೆದರೆ ಪರೀಕ್ಷೆ ನಡೆಸುವವರಾರು ಎಂಬ ಚಿಂತೆಯಲ್ಲಿ ಅವರು ನಿನ್ನೆ ನೋಟಿಸ್ ಹಿಂಪಡೆದರು.

ಉಳಿದಿರುವುದು ನನ್ನ ಸಣ್ಣ ಕೋರಿಕೆ. ಇನ್ನು ಮುಂದೆ ಬೆಂಕಿಯು ಮೂರು ಪ್ರತಿಗಳಲ್ಲಿ ಅರ್ಜಿ ಕೊಟ್ಟು, ತಾವು ಕಚೇರಿಯಲ್ಲಿರುವ ದಿನವೇ ಹೊತ್ತಿಕೊಳ್ಳತಕ್ಕದ್ದೆಂದು ಸುತ್ತೋಲೆ ಹೊರಡಿಸಿ. ಹೊಗೆಗೂ ಗುರುತಿನ ಚೀಟಿ ಕಡ್ಡಾಯ ಮಾಡಿ.

ಇನ್ನೂ ಸುಡದೆ ಉಳಿದಿರುವ ತಮ್ಮ ವಿಶ್ವಾಸಿ,
ಗಿರಿಜಾದೇವಿ, ಹನುಮಂತನಗರ

ತಾ.ಕ.: ಅತ್ಯುತ್ತಮ ಭಾಷಣಕ್ಕಾಗಿ ತಮಗೆ ಬಂದ ಪ್ರಶಸ್ತಿಪತ್ರ ತಪ್ಪಿ ನಮ್ಮ ವಿಭಾಗಕ್ಕೆ ತಲುಪಿದೆ. ಯಲ್ಲವ್ವನವರು ಮುಟ್ಟಿ ನೋಡಿ, "ಕಾಗದ ಛಲೋ ಐತ್ರಿ, ಬೆಂಕಿ ಲಗೂನ ಹತ್ತತೈತಿ, ದೂರ ಇಡ್ರಿ" ಎಂದಿದ್ದಾರೆ.