ಹೆಬ್ಬೆರಳ ಗಾಯವೂ ನಡೆಯುವ ಕೋಶಗಳೂ

ನನ್ನ ಮೈಯೊಳಗಿನ ಕೆಲಸವೆಲ್ಲ ನನ್ನ ಅಪ್ಪಣೆಯಂತೆಯೇ ನಡೆಯುತ್ತದೆಂದು ನಂಬಿದ್ದವನು ನಾನು. ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಯಜಮಾನಿಕೆಯ ಚಟ ಇದ್ದೇ ಇರುತ್ತದೆ. ಅದನ್ನು ಬಿಡಿಸಿದ್ದು ನನ್ನ ಬಲಗಾಲಿನ ಹೆಬ್ಬೆರಳು.

ಹೊಸ ಚಪ್ಪಲಿ ಮೆಟ್ಟಿಕೊಂಡು ಕದರಮಂಡಲಗಿ ಆಂಜನೇಯನ ದರ್ಶನಕ್ಕೆ ಹೋಗಿದ್ದೆ. ಚಪ್ಪಲಿ ಕಚ್ಚಿ ಗಾಯವಾಯಿತು. ಸಕ್ಕರೆ ಕಾಯಿಲೆಯವನಾದ್ದರಿಂದ ಅದು ಮಾಯಲೇ ಇಲ್ಲ. ಮಾಯಿತೋ ಇಲ್ಲವೋ ನೋಡಲು ದಿನಾ ಪಟ್ಟಿ ಬಿಚ್ಚುವುದು, ಹಕ್ಕಳೆ ಕೀಳುವುದು, ಅರಿಸಿನ ಮೆತ್ತುವುದು, ಇದೇ ನನ್ನ ಚಿಕಿತ್ಸೆ. ಕಡೆಗೆ ರಾಣೆಬೆನ್ನೂರಿನ ಡಾಕ್ಟರು, "ಹಿಂಗ ಬಿಟ್ರ ಬೆರಳ ತಗೀಬೇಕಾಗ್ತದ ನೋಡ್ರಿ" ಅಂದರು. ಮನೆಯಲ್ಲಿ ಹೆಂಡತಿಗೆ ಹೇಳುವಾಗ ಅಳುವೇ ಬಂತು. ಧೂಳು ಬಿತ್ತೆಂದು ಕಣ್ಣೊರೆಸಿಕೊಂಡೆ.

ಸೊಸೆ ದೀಪಾ ಧಾರವಾಡದಲ್ಲಿ ಚರ್ಮದ ಜೀವಕೋಶಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನೇ ಹೊರತು, ಅದೇನೆಂದು ಅವಳನ್ನು ಕೇಳಿರಲಿಲ್ಲ. ಸುದ್ದಿ ಕೇಳಿ ಓಡಿಬಂದವಳು ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು. ನಡುವೆ ಗಾಯದ ಹಾಗೆ ಅವಳೇ ಗೀರಿದ ಗೆರೆ.

"ನೋಡ್ರಿ ಮಾವಾರ, ಗಾಯ ಆದಕೂಡ್ಲೆ ಕೆಲವು ಪ್ರೋಟೀನು ಇವನ್ನ ಕರೀತಾವ. ಅಂಚಿನಾಗಿನ ಕೋಶ ಹಿಡಿತ ಸಡ್ಲ ಮಾಡಿ, ಮುಂದ ಚಾಚಿ, ನೆಲಾ ಹಿಡದು, ಹಿಂದಿನ ಮೈ ಎಳಕೊಂಡು ತೆವಳ್ತಾವ."

ಖರೇ ಹೇಳುತ್ತೇನೆ, ಬಾಯಿ ತೆರೆದು ನೋಡಿದೆ. ಕೋಶಗಳು ಗೆರೆಯ ಎರಡೂ ಕಡೆಯಿಂದ ಹೊರಟವು, ನಡುವೆ ಒಂದನ್ನೊಂದು ಮುಟ್ಟಿದ್ದೇ ನಿಂತುಬಿಟ್ಟವು. ನಮ್ಮ ಮನೆಯ ಯಾವ ವಾದವೂ ಇಷ್ಟು ಮರ್ಯಾದೆಯಿಂದ ನಿಂತದ್ದಿಲ್ಲ.

"ಮತ್ತ ನನ್ನವಕ್ಕೇನು ಧಾಡಿ?"

"ರಕ್ತದಾಗ ಸಕ್ಕರಿ ಹೆಚ್ಚಾದ್ರ ಅವು ಲಗೂನ ನಡಿಯಂಗಿಲ್ರಿ. ಅದರಾಗ ನೀವು ಹಕ್ಕಳಿ ಕಿತ್ತಾಗೆಲ್ಲಾ ಅರ್ಧ ದಾರಿ ಬಂದವನ್ನೂ ಕಿತ್ತು ಒಗದೀರಿ!"

ಪಾಪ, ನನಗಾಗಿ ತೆವಳಿ ಬರುತ್ತಿದ್ದವಕ್ಕೆ ನಾನೇ ಶತ್ರುವಾಗಿದ್ದೆ! ಪೇಡೆ ಬಿಟ್ಟೆ, ಗುಳಿಗೆ ತಪ್ಪಿಸಲಿಲ್ಲ, ಕಾಲಿಗೆ ವಿಶ್ರಾಂತಿ ಕೊಟ್ಟೆ. ಕೆಲವು ವಾರಗಳ ಮೇಲೆ ಪಟ್ಟಿಯನ್ನು ಡಾಕ್ಟರೇ ಬಿಚ್ಚಿದರು. ಗಾಯದ ಅಂಚಿನಿಂದ ತೆಳುವಾದ ಗುಲಾಬಿ ಚರ್ಮ ಒಳಗೊಳಗೆ ಸರಿದು ಬಂದಿತ್ತು. ಬೆರಳು ಉಳಿಯಿತು. ದೀಪಾಳ ತಲೆಯ ಮೇಲೆ ಕೈಯಿಟ್ಟು, "ನೀ ಇರದಿದ್ರ ಬೆರಳು ಹೋಗ್ತಿತ್ತವ್ವ" ಅಂದೆ. "ಇರ್ಲಿ ಬಿಡ್ರಿ ಮಾವಾರ" ಎಂದು ನಕ್ಕಳು.

ಮೊನ್ನೆ ಐರಣಿಯ ಹಿರಿಯರೊಬ್ಬರು ಕುಂಟುತ್ತ ಅಂಗಡಿಗೆ ಬಂದು ಧೋತರ ಕೇಳಿದರು. ಅವರನ್ನು ಕೂರಿಸಿ, ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಿ, ಗಾದಿಯ ಮೇಲೆ ಅಂಗೈಯೂರಿ ಕೋಶಗಳ ನಡಿಗೆಯನ್ನು ತೆವಳಿಯೇ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ, ಎದ್ದು ಹೋಗಿ, ಹೊರಗಿನ ಬೋರ್ಡನ್ನು ಓದಿಕೊಂಡು ಬಂದು ಕೇಳಿದರು:

"ಸಾವಕಾರ್ರ, ಇದು ಬಟ್ಟಿ ಅಂಗಡಿ ಹೌದಲ್ರಿ?"