ನಮ್ಮ ಕಕ್ಕೆ ಮರವನ್ನು ಕೀಳಲು ಆಜ್ಞೆ ಮಾಡಿದ ಆಪ್‌ಗೆ

ಕಾಲೇಜಿನ ಸಮಸ್ತ ಗಿಡಮರಗಳ ಯೋಗಕ್ಷೇಮ ಹೊತ್ತಿರುವ ಮಾನ್ಯ ‘ಹಸಿರು ಹಾಜರಿ’ ಆಪ್‌ರವರ ಘನ ಸನ್ನಿಧಿಗೆ,

ಮಾನ್ಯರೇ, ಸರ್ಜಾಪುರದ ಕಡೆಯ ಹಾಸ್ಟೆಲ್ಲಿನಿಂದ ಫಸ್ಟ್ ಇಯರ್ ಸಿದ್ದಾರ್ಥ್ ಮಾಡುವ ಸವಿನಯ ನಮಸ್ಕಾರಗಳು. ತಾವು ಮೊನ್ನೆಯಷ್ಟೇ ಅಪ್‌ಡೇಟ್ ಆದಿರೆಂದು ತಿಳಿದು ಸಂತೋಷವಾಯಿತು. ಇಲ್ಲಿ ನಾವು ಕ್ಷೇಮ, ನಮ್ಮ ಕಕ್ಕೆ ಮರವೂ ಕ್ಷೇಮ. ಆದರೆ ಅದಕ್ಕೆ ವಾಸಿಯಾಗದ ರೋಗ ಹತ್ತಿದೆಯೆಂದೂ ಸೋಮವಾರ ಬೆಳಿಗ್ಗೆ ಬುಡಸಮೇತ ಕೀಳಿಸಬೇಕೆಂದೂ ತಮ್ಮಿಂದ ನೋಟಿಫಿಕೇಶನ್ ಬಂದಿರುವುದರಿಂದ, ಮತ್ತು ಮರ ಹೋದರೆ ಅದರ ಆರೈಕೆಗೆಂದು ತಾವು ಕೊಡುವ ನನ್ನ ಇಂಟರ್ನಲ್ಸ್ ಮಾರ್ಕ್ಸೂ ಅದರ ಹಿಂದೆಯೇ ಹೋಗುವುದರಿಂದ, ಈ ಪತ್ರ.

ಪ್ರತಿ ಸೀನಿಯರ್ ತನ್ನ ಮರವನ್ನು ಜೂನಿಯರ್ ಒಬ್ಬನಿಗೆ ಒಪ್ಪಿಸಿ ಹೋಗುವುದು ನಮ್ಮಲ್ಲಿನ ಪದ್ಧತಿ. ನನಗೆ ಕಕ್ಕೆಯನ್ನು ಒಪ್ಪಿಸಿದ ನಂದೀಶಣ್ಣ, “ಬೇರು ಆಳಕ್ಕಿಳಿದಿದೆ ಮಗಾ, ನೀರು ಗೀರು ಏನೂ ಬೇಡ, ಅದರ ಪಾಡಿಗೆ ಬಿಟ್ಬಿಡು” ಎಂದಿದ್ದ. ಹುಟ್ಟಾ ಪುಕ್ಕಲನಾದ ನಾನು ತಮ್ಮನ್ನು ನಂಬಿದೆ. ತಾವು ದಿನಕ್ಕೊಂದು ಬಕೆಟ್ ಎಂದಿರಿ. ಟ್ಯಾಂಕರ್ ಬಾರದ ದಿನಗಳಲ್ಲಿ ನಾನು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಮರಕ್ಕೆ ತುಂಬಿದ ಬಕೆಟ್ ಹೊತ್ತು, ಸಾಕ್ಷಿಗೆ ಸೆಲ್ಫಿಯನ್ನೂ ಕಳಿಸಿದೆ. ಬರಗಾಲವನ್ನೇ ಜೀರ್ಣಿಸಿಕೊಳ್ಳುವ ಮರದ ಬುಡದಲ್ಲಿ ಸೊಳ್ಳೆ ಸಾಕಿದ ಕೀರ್ತಿ ನಮ್ಮಿಬ್ಬರದು.

ಫೆಬ್ರವರಿ ಮುಗಿಯುವಾಗ ಮರ ತನ್ನ ವಾಡಿಕೆಯಂತೆ ಎಲೆ ಉದುರಿಸಿತು. ತಾವು ‘ಮೃತ’ ಎಂದು ಘೋಷಿಸಿ, ಕೈಮುಗಿದ ಎಮೋಜಿಯನ್ನೂ ಕಳಿಸಿದಿರಿ. ನನಗೆ ಮೆಸ್ಸಿನ ಊಟ ಸೇರಲಿಲ್ಲ (ಮೊದಲೂ ಅಷ್ಟೇನೂ ಸೇರುತ್ತಿರಲಿಲ್ಲ, ಆ ಮಾತು ಬೇರೆ). ಸಿಂಧನೂರಿನ ನನ್ನ ರೂಮ್‌ಮೇಟ್ ಹನುಮೇಶ ಕೊಂಬೆಯನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ತೋರಿಸಿ, “ಸತ್ತಿಲ್ಲಲೇ, ಬಟ್ಟಿ ಬದಲಸಾಕತ್ತೈತಿ. ನೀ ಯಾಕ ಬಾಗಿಲದಾಗ ನಿಂತು ಅಳ್ತಿ?” ಎಂದ. ಆಮೇಲೆ ಬಾಗಿಲಿಗೆ ಕಟ್ಟುವ ಪ್ಲಾಸ್ಟಿಕ್ ಮಾವಿನೆಲೆಯ ತೋರಣವನ್ನು ತಂದು ಕೊಂಬೆಗೆ ಸುತ್ತಿದ. ಫೋಟೋ ನೋಡಿದ ತಾವು ‘ಅದ್ಭುತ ಚಿಗುರು’ ಎಂದು ಪೂರ್ತಿ ಮಾರ್ಕ್ಸ್ ಕೊಟ್ಟು, ಇನ್ನು ಮೇಲೆ ಎರಡು ಬಕೆಟ್ ಹಾಕುವಂತೆ ಆಜ್ಞಾಪಿಸಿದಿರಿ.

ಈಗ ಏಪ್ರಿಲ್. ತೋರಣ ಬಿಚ್ಚಿದ್ದೇವೆ, ಏಕೆಂದರೆ ಕೊಂಬೆಗಳಲ್ಲಿ ಜಾಗವೇ ಉಳಿದಿಲ್ಲ; ಹೂವಿನ ಗೊಂಚಲುಗಳು ಹಳದಿ ದೀಪದ ಸರಗಳಂತೆ ಇಳಿಬಿದ್ದಿವೆ. ತಮ್ಮ ಪ್ರಕಾರ ಇದು ‘ಎಲೆ ಹಳದಿ ರೋಗ, ಕೊನೆಯ ಹಂತ’. ಹೂವಿಗೂ ಒಣಗಿದ ಎಲೆಗೂ ಭೇದವೆಣಿಸದ ಇಂಥ ಸಮದೃಷ್ಟಿ ಯೋಗಿಗಳಿಗೂ ದುರ್ಲಭ. ಹಸಿರು ಸಮಿತಿಯ ಜ್ಯೋತಿಲಕ್ಷ್ಮಿ ಮೇಡಂ ಬಳಿ ಹೋದರೆ, “ನನಗೂ ಕಣ್ಣಿದೆ ಕಣಪ್ಪಾ, ಆದ್ರೆ ಸಿಸ್ಟಮ್‌ನಲ್ಲಿ ಬಂದ್ಮೇಲೆ ನಾನೇನ್ ಮಾಡ್ಲಿ” ಎಂದವರು, ರೋಗಿಯ ಕೆಳಗೆ ನಿಂತು ಸ್ವಂತ ವಾಟ್ಸಾಪ್ ಡಿಪಿಗೆ ನನ್ನಿಂದಲೇ ಫೋಟೋ ತೆಗೆಸಿಕೊಂಡರು.

ಆದ್ದರಿಂದ ತಾವು ದಯಮಾಡಿ ಫೋನಿನಿಂದಿಳಿದು ಒಂದು ಸಂಜೆ ಈ ಮರದಡಿ ಕೂರಬೇಕು; ಬಿಡುವಿಲ್ಲವಾದರೆ, ಮುಂದಿನ ವರ್ಷದಿಂದ ಹಸಿರು ಹೂವನ್ನೇ ಬಿಡುವಂತೆ ಮರಕ್ಕೊಂದು ಅಪ್‌ಡೇಟ್ ಕಳಿಸಬೇಕು; ಅದೂ ಆಗದಿದ್ದರೆ ಸೋಮವಾರದ ಮಟ್ಟಿಗಾದರೂ ತಮ್ಮ ಸರ್ವರ್ ಡೌನ್ ಆಗಬೇಕು. ಫೀಸ್ ಕಟ್ಟುವ ಕೊನೆಯ ದಿನ ಅದು ಎಷ್ಟು ಸಲೀಸಾಗಿ ಆಗುತ್ತದೆಂದು ಬಲ್ಲೆವು.

ಹಳದಿ ಹೂವಿನ ನೆರಳಿನಲ್ಲಿ ಕೂತು ಬರೆದ,
ತಮ್ಮ ಸದಾ ಲಾಗಿನ್ ಆಗಿರುವ ವಿಶ್ವಾಸಿ,
ಸಿದ್ದಾರ್ಥ್

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಹನುಮೇಶ ನನ್ನ ಫೋನಿನ ಕ್ಯಾಮೆರಾಗೆ ಹಸಿರು ಜಿಲೇಟಿನ್ ಹಾಳೆ ಅಂಟಿಸಿ ತಮಗೆ ಹೊಸ ಫೋಟೋ ಕಳಿಸಿದ. ಮರ ಸಂಪೂರ್ಣ ಗುಣವಾಗಿದೆಯೆಂದು ತಾವು ಸೋಮವಾರದ ಆಜ್ಞೆಯನ್ನು ಹಿಂಪಡೆದಿದ್ದೀರಿ, ಕೃತಜ್ಞತೆಗಳು. ಆದರೆ ಅದೇ ಫೋಟೋದಲ್ಲಿ ಹಿಂದೆ ನಿಂತಿದ್ದ ವಾರ್ಡನ್ ಸೋಮಪ್ಪ ಸಾರ್ ಅವರನ್ನೂ ಆರೋಗ್ಯವಂತ ಸಸಿಯೆಂದು ನನ್ನ ಹೆಸರಿಗೆ ದಾಖಲಿಸಿ, ದಿನಕ್ಕೊಂದು ಬಕೆಟ್ ನೀರು ಸುರಿಯುವಂತೆ ಸೂಚಿಸಿದ್ದೀರಿ. ಸಾರ್ ಬೆಳಿಗ್ಗೆ ಆರಕ್ಕೆ ಏಳುತ್ತಾರೆ. ಅದಕ್ಕೆ ಮುಂಚೆ ಸುರಿಯಬೇಕೋ, ಎದ್ದ ಮೇಲೋ, ದಯವಿಟ್ಟು ತಿಳಿಸುವುದು.